ಭಯವನ್ನು ಅಳೆಯಲು ಹೊರಟವರ ಕಥೆ

ರುಸ್ತುಂ ಎಂಬ ಹೆಸರು ನಮ್ಮ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಜಗಳಕ್ಕೆ ನಿಂತವನನ್ನು ಕಂಡರೆ ‘ಇವನೇನು ದೊಡ್ಡ ರುಸ್ತುಮನೋ’ ಎಂದು ಕನ್ನಡ ಮಾತಾಡುವವರೂ ಕೇಳುತ್ತಾರೆ. ನಾವು ಉರ್ದು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಮಳೆಗಾಲದ ಮಧ್ಯಾಹ್ನಗಳಲ್ಲಿ ಉಸ್ತಾದರು ಪುಸ್ತಕ ಮುಚ್ಚಿಟ್ಟು ಈ ಇರಾನಿ ವೀರನ ಕಥೆ ಹೇಳುತ್ತಿದ್ದರು. ಅವನ ಕೈಯಲ್ಲೇ ಅವನ ಮಗ ಸೊಹ್ರಾಬ್ ಸಾಯುವ ಕಥೆಗೆ ತರಗತಿಯ ಹುಡುಗರೆಲ್ಲ ಅಳುತ್ತಿದ್ದರು. ಆದರೆ ನಮ್ಮ ಮನಸ್ಸಿನಲ್ಲಿ ಉಳಿದುಹೋದದ್ದು ರುಸ್ತುಮನ ಸಾಹಸಗಳಲ್ಲ, ಅವನ ಹುಟ್ಟಿನ ಕಥೆ.

ಕ್ರಿ.ಶ. 1010ರ ಸುಮಾರಿಗೆ ಫಿರ್ದೌಸಿ ಬರೆದು ಮುಗಿಸಿದ ‘ಶಾಹನಾಮಾ’ದಲ್ಲಿ ಈ ಪ್ರಸಂಗ ಬರುತ್ತದೆ. ರುಸ್ತುಮನ ತಾಯಿ ರೂದಾಬಾ ದಿನ ತುಂಬಿ ನರಳುತ್ತಿದ್ದಾಳೆ. ಮಗು ದೊಡ್ಡದು, ಹೊರಗೆ ಬರಲೊಲ್ಲದು. ಗಂಡ ಝಾಲ್ ದಿಕ್ಕು ತೋಚದೆ, ತನ್ನನ್ನು ಸಾಕಿ ಬೆಳೆಸಿದ ಸೀಮುರ್ಗ್ ಎಂಬ ಅದ್ಭುತ ಪಕ್ಷಿಯ ಗರಿಯನ್ನು ಸುಟ್ಟು ಅದನ್ನು ಕರೆಯುತ್ತಾನೆ. ಪಕ್ಷಿ ಬಂದು ಉಪಾಯ ಹೇಳುತ್ತದೆ: ಕೈಚಳಕವುಳ್ಳ ಒಬ್ಬ ಜಾಣನನ್ನು ಕರೆಸು, ಹರಿತವಾದ ಕತ್ತಿ ತರಿಸು. ಆದರೆ ಮೊದಲು ಅವಳಿಗೆ ಮದ್ಯ ಕುಡಿಸಿ ಅವಳ ಎದೆಯಲ್ಲಿರುವ ಭಯವನ್ನೂ ಚಿಂತೆಯನ್ನೂ ಇಳಿಸು. ಆಮೇಲೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಲಿ, ಹೊಲಿಯಲಿ. ಗಾಯಕ್ಕೆ ಸೊಪ್ಪನ್ನು ಹಾಲು, ಕಸ್ತೂರಿ ಜೊತೆ ಅರೆದು ನೆರಳಿನಲ್ಲಿ ಒಣಗಿಸಿ ಹಚ್ಚು. ಮದ್ಯದ ಮಾತು ಬಂದಾಗ ನಮ್ಮ ಉಸ್ತಾದರು ‘ಒಂದು ಔಷಧ ಕೊಟ್ಟರು’ ಎಂದು ಹೇಳಿ ಬೇಗ ಮುಂದಕ್ಕೆ ಹೋಗಿಬಿಡುತ್ತಿದ್ದರು. ಅದು ಮದ್ಯವೆಂದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ, ನಾವೇ ಓದಿಕೊಂಡಾಗ.

ಇಲ್ಲಿ ಕೆಲಸದ ಕ್ರಮವನ್ನು ಓದುಗರು ಗಮನಿಸಬೇಕು. ಮೊದಲು ಭಯಕ್ಕೆ ಮದ್ದು, ಆಮೇಲೆ ಕತ್ತಿ, ಕೊನೆಗೆ ಗಾಯಕ್ಕೆ ಮದ್ದು. ಇದು ಕವಿಯ ಕಲ್ಪನೆ ಇರಬಹುದು. ಆದರೂ ಹೊಟ್ಟೆ ಕೊಯ್ಯಿಸಿಕೊಳ್ಳುವ ಹೆಂಗಸಿಗೆ ಭಯ ಎಂಬುದೊಂದು ಇರುತ್ತದೆ, ಅದನ್ನು ಮೊದಲು ನೋಡಿಕೊಳ್ಳಬೇಕು ಎಂದು ಸಾವಿರ ವರ್ಷಗಳ ಹಿಂದಿನ ಕವಿಯೊಬ್ಬನಿಗೆ ಹೊಳೆದಿತ್ತು. ವೈದ್ಯಶಾಸ್ತ್ರ ಈ ಮಾತಿಗೆ ಬಂದು ತಲುಪಲು ಎಷ್ಟು ಕಾಲ ಹಿಡಿಯಿತು, ಯಾವ ಯಾವ ದಾರಿ ಸುತ್ತಿತು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಮ್ಮ ಮನೆಯದೇ ಒಂದು ಕಾರಣವಿದೆ. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮ ತಂಗಿಗೆ ಸಿಸೇರಿಯನ್ ಆಯಿತು. ಗಂಡಸರಾದ ನಾವು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆವು. ಒಪ್ಪಿಗೆಯ ಕಾಗದ ನಮ್ಮ ಬಳಿ ಬಂತು, ಭಾವ ಸಹಿ ಹಾಕಿದರು. ಒಳಗೆ ಅವಳು ಗಡಗಡ ನಡುಗುತ್ತಿದ್ದಳಂತೆ. ‘ಹೆದರಿಕೊಂಡರೆ ನೋವು ಜಾಸ್ತಿ ಆಗುತ್ತೆ, ಸುಮ್ಮನಿರು’ ಎಂದು ಯಾರೋ ಗದರಿದರಂತೆ. ಆಮೇಲಿನ ಮೂರು ದಿನ ಅವಳು ಪಟ್ಟ ನೋವನ್ನು ನಾವು ಕಣ್ಣಾರೆ ಕಂಡೆವು. ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ, ಮಗುವಿಗೆ ಹಾಲು ಕೊಡಲು ಏಳಲು ಆಗುತ್ತಿರಲಿಲ್ಲ. ಪಕ್ಕದ ಮಂಚದವಳು, ಅದೇ ದಿನ ಅದೇ ಆಪರೇಷನ್ ಆದವಳು, ಎರಡನೆಯ ದಿನವೇ ಎದ್ದು ಓಡಾಡುತ್ತಿದ್ದಳು. ‘ಅವಳಿಗೆ ಇಲ್ಲದ ನೋವು ಇವಳಿಗೆ ಮಾತ್ರ ಎಲ್ಲಿಂದ ಬಂತು?’ ಎಂದು ನಮ್ಮವರೇ ಆಡಿಕೊಂಡರು. ಆ ಪ್ರಶ್ನೆಯಲ್ಲಿದ್ದದ್ದು ಕುಹಕ. ಆದರೆ ಅದೇ ಪ್ರಶ್ನೆಯನ್ನು ಗೌರವದಿಂದ ಕೇಳಿದ ವೈದ್ಯರೂ ಜಗತ್ತಿನಲ್ಲಿದ್ದರು ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ತಾಯಿ ಬದುಕುಳಿದ ಮೇಲೆ

ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಕ್ರಮ ಹಳೆಯದು. ಅಲ್ ಬಿರೂನಿ ಸುಮಾರು ಕ್ರಿ.ಶ. 1000ದಲ್ಲಿ ಬರೆದ ಪ್ರಾಚೀನ ಜನಾಂಗಗಳ ಕಾಲಗಣನೆಯ ಗ್ರಂಥದ ಒಂದು ಸಚಿತ್ರ ಹಸ್ತಪ್ರತಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿದೆ. ಹಿಜರಿ 707ರಲ್ಲಿ, ಅಂದರೆ 1307-08ರಲ್ಲಿ, ಬರೆಸಿದ ಪ್ರತಿ ಅದು. ರೋಮಿನ ಕೈಸರ್ ತಾಯಿಯ ಹೊಟ್ಟೆಯಿಂದ ಹೊರಬರುವ ಚಿತ್ರವೊಂದು ಅದರಲ್ಲಿದೆ. ಈ ಶಸ್ತ್ರಕ್ರಿಯೆಯ ಅತ್ಯಂತ ಹಳೆಯ ಚಿತ್ರಗಳಲ್ಲಿ ಅದೂ ಒಂದು. ಆದರೆ ಆ ಕಾಲದಲ್ಲಿ ಸಾಮಾನ್ಯವಾಗಿ ಸತ್ತ ಅಥವಾ ಸಾಯುತ್ತಿರುವ ತಾಯಿಯ ಹೊಟ್ಟೆಯನ್ನು ಮಾತ್ರ ಕೊಯ್ಯುತ್ತಿದ್ದರು. ಉಳಿಸುವುದು ಮಗುವನ್ನು, ಅದೂ ಸಾಧ್ಯವಾದರೆ. ಹೀಗಿರುವಾಗ ತಾಯಿಗೆ ಭಯವಾಗುತ್ತದೆಯೇ, ನಾಳೆ ಎಷ್ಟು ನೋಯುತ್ತದೆ ಎಂದು ಯಾರು ಕೇಳಿಯಾರು?

ಪರಿಸ್ಥಿತಿ ಬದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಕ್ರಿಯೆಯನ್ನು ಜನರೆದುರು ತೋರಿಸಿದ. ಮೂರೇ ತಿಂಗಳಲ್ಲಿ, 1847ರ ಜನವರಿಯಲ್ಲಿ, ಅದೇ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಈಥರ್ ಬಳಸಿದ. ನವೆಂಬರ್ ಹೊತ್ತಿಗೆ ಕ್ಲೋರೋಫಾರಂ ಬಂತು. ಹೆರಿಗೆಯ ನೋವು ದೇವರು ಹೆಣ್ಣಿಗೆ ವಿಧಿಸಿದ್ದು, ಅದನ್ನು ತೆಗೆಯುವುದು ಪಾಪ ಎಂಬ ಆಕ್ಷೇಪವೂ ಎದ್ದಿತು. ಸಿಂಪ್ಸನ್ ಸ್ವತಃ ಬೈಬಲಿನ ಹೀಬ್ರೂ ಪದಗಳನ್ನು ಬಿಡಿಸಿ, ಅಲ್ಲಿ ಹೇಳಿರುವುದು ನೋವನ್ನಲ್ಲ, ಶ್ರಮವನ್ನು ಎಂದು ಉತ್ತರ ಬರೆದ. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಯಲ್ಲಿ ಜಾನ್ ಸ್ನೋ ಎಂಬ ವೈದ್ಯನಿಂದ ಕ್ಲೋರೋಫಾರಂ ತೆಗೆದುಕೊಂಡ ಮೇಲೆ ಆಕ್ಷೇಪದ ದನಿ ತಗ್ಗಿತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಗರ್ಭಕೋಶವನ್ನು ಸರಿಯಾಗಿ ಹೊಲಿಯುವ ವಿಧಾನವನ್ನು ಪ್ರಕಟಿಸಿದ. ಸಿಸೇರಿಯನ್ ಆದ ತಾಯಂದಿರು ಬದುಕುಳಿಯುವುದು ಕ್ರಮೇಣ ಸಾಮಾನ್ಯವಾಯಿತು.

ಈ ಚರಿತ್ರೆಯಲ್ಲಿ ನಮ್ಮ ದಖನ್ನಿಗೂ ಒಂದು ಸ್ಥಾನವಿದೆ. ಬೀದರ್, ಗುಲ್ಬರ್ಗಾ, ರಾಯಚೂರುಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ ಅದು. ಕ್ಲೋರೋಫಾರಂ ಕೊಟ್ಟಾಗ ಕೆಲವರು ಮೇಜಿನ ಮೇಲೆಯೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿವಾದ ಯೂರೋಪಿನಲ್ಲಿ ಜೋರಾಗಿತ್ತು. ಇದನ್ನು ತೀರ್ಮಾನಿಸಲು 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ಖರ್ಚು ಆರನೆಯ ನಿಜಾಮ ಮಹಬೂಬ್ ಅಲೀ ಖಾನರದು. ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ ಕ್ಲೋರೋಫಾರಂ ಕೊಡುವುದರಲ್ಲಿ ಪಳಗಿದ್ದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸುತ್ತಾರೆ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಅಳೆದದ್ದು ಉಸಿರು, ನಾಡಿ, ರಕ್ತದೊತ್ತಡ. ಮದ್ದು ಎಷ್ಟು ಅಪಾಯಕಾರಿ ಎಂಬುದೇ ಆಗಿನ ದೊಡ್ಡ ಪ್ರಶ್ನೆ. ಮದ್ದು ತೆಗೆದುಕೊಳ್ಳುವವರ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಇನ್ನೂ ಕಾಲ ಬಂದಿರಲಿಲ್ಲ.

ಭಯವೂ ಗಾಯವೇ?

ಆ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಒಬ್ಬ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ, ಕತ್ತಿಯಿಂದಾಗುವ ಆಘಾತದಂತೆ ಭಯದಿಂದಲೂ ಆಘಾತವಾಗುತ್ತದೆ ಎಂದು ಅವನು ವಾದಿಸಿದ. ಅವನ ಉಪಾಯ ವಿಚಿತ್ರವಾಗಿತ್ತು. ಥೈರಾಯ್ಡ್ ಗ್ರಂಥಿ ಕೆರಳಿದ ರೋಗಿಗಳು ಭಯದಿಂದಲೇ ಹದಗೆಡುತ್ತಾರೆಂದು ಹಲವು ದಿನ ಬೆಳಿಗ್ಗೆ ಅವರ ಹಾಸಿಗೆಯ ಬಳಿಗೇ ಹೋಗಿ, ಚಿಕಿತ್ಸೆ ಎಂದು ಹೇಳಿ ಮೂಗಿಗೆ ಮುಖವಾಡ ಹಿಡಿಯುತ್ತಿದ್ದರು. ಒಂದು ದಿನ ಅದರಲ್ಲಿ ನಿಜವಾದ ಅರಿವಳಿಕೆ ಇರುತ್ತಿತ್ತು. ರೋಗಿ ಎಚ್ಚರವಾಗುವ ಹೊತ್ತಿಗೆ ಆಪರೇಷನ್ ಮುಗಿದಿರುತ್ತಿತ್ತು. ವೈದ್ಯರು ಇದನ್ನು ಥೈರಾಯ್ಡ್ ‘ಕದಿಯುವುದು’ ಎಂದೇ ಕರೆಯುತ್ತಿದ್ದರು. ಭಯವನ್ನು ತೆಗೆಯಲು ಸುಳ್ಳು ಹೇಳಿದರೆ ಸಾಕೆಂದು ಆಗ ಅನ್ನಿಸಿತ್ತು. ಮಾತಾಡಿಸಿ ತೆಗೆಯಬಹುದು ಎಂದು ಹೊಳೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಹೆರಿಗೆಯ ವಿಷಯದಲ್ಲಿ ಭಯದ ಮಾತನ್ನು ಎತ್ತಿದವನು ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್ ರೀಡ್. 1933 ಮತ್ತು 1942ರ ತನ್ನ ಪುಸ್ತಕಗಳಲ್ಲಿ ಅವನು ಹೇಳಿದ್ದು ಇಷ್ಟು: ಭಯದಿಂದ ಮೈ ಬಿಗಿಯುತ್ತದೆ, ಬಿಗಿದ ಮೈಯಿಂದ ನೋವು ಹೆಚ್ಚುತ್ತದೆ, ನೋವಿನಿಂದ ಮತ್ತೆ ಭಯ. ಈ ಸುತ್ತನ್ನು ಮುರಿಯಬೇಕು. ಇದರಲ್ಲಿ ಸತ್ಯಾಂಶವಿತ್ತು, ಅಪಾಯವೂ ಇತ್ತು. ಭಯವೇ ನೋವಿಗೆ ಕಾರಣ ಎಂದು ಒಮ್ಮೆ ಹೇಳಿಬಿಟ್ಟರೆ, ನೋವೆಂದು ಕೂಗಿದವಳೇ ತಪ್ಪಿತಸ್ಥೆಯಾಗುತ್ತಾಳೆ. ನಮ್ಮ ತಂಗಿಯನ್ನು ಗದರಿದವರ ಬಾಯಲ್ಲಿದ್ದದ್ದು ಇದೇ ತತ್ತ್ವದ ಬೀದಿ ರೂಪ. ಹೆರಿಗೆ ನೋವನ್ನು ಪದಗಳಿಂದ ಅಳೆದ ಕೆನಡಾದ ರೊನಾಲ್ಡ್ ಮೆಲ್ಝಾಕ್ 1981ರಲ್ಲಿ, ಮೊದಲೇ ತರಬೇತಿ ಪಡೆದು ಸಿದ್ಧರಾದ ಹೆಂಗಸರಿಗೆ ನೋವು ಸ್ವಲ್ಪ ಕಡಿಮೆಯಾದರೂ ಅದು ನೋವಾಗಿಯೇ ಇರುತ್ತದೆ ಎಂದು ತೋರಿಸಿದ. ಧೈರ್ಯ ಇದ್ದರೆ ನೋವೇ ಇಲ್ಲ ಎನ್ನುವವರಿಗೆ ಅದು ಉತ್ತರವಾಗಿತ್ತು.

ಇದರ ನಡುವೆ ನೋವನ್ನು ಜ್ವರದಂತೆ ಯಂತ್ರದಿಂದ ಅಳೆಯುತ್ತೇವೆಂದು ಹೊರಟವರೂ ಇದ್ದರು. 1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜೇಮ್ಸ್ ಹಾರ್ಡಿ ಮತ್ತು ಸಂಗಡಿಗರು ಚರ್ಮಕ್ಕೆ ಶಾಖ ಬಿಡುವ ಒಂದು ಸಾಧನ ಮಾಡಿದರು. ನೋವಿನ ಅಳತೆಗೆ ‘ಡಾಲ್’ ಎಂದು ಹೆಸರಿಟ್ಟರು. ಗರಿಷ್ಠ ಮಟ್ಟ ಹತ್ತೂವರೆ ಡಾಲ್. ಆಮೇಲೆ ಹೆರಿಗೆಯಾಗುತ್ತಿದ್ದ ಹೆಂಗಸರನ್ನೇ ಅಳೆಯಲು ಹೊರಟರು. ಒಂದು ಬೇನೆಗೂ ಇನ್ನೊಂದು ಬೇನೆಗೂ ನಡುವೆ ಸಿಗುವ ಬಿಡುವಿನಲ್ಲಿ ಅವರ ಕೈಗೆ ಶಾಖ ಬಿಟ್ಟು, ಈಗ ಬಂದ ಬೇನೆ ಈ ಸುಡುವಿಕೆಗೆ ಸಮವೋ ಎಂದು ಕೇಳುತ್ತಿದ್ದರು. ನೋವು ತುತ್ತತುದಿ ಮುಟ್ಟಿದಾಗ ಕೈಯ ಚರ್ಮ ಸುಟ್ಟದ್ದೂ ಉಂಟು. 1949ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದುವಾಗ ಹೆತ್ತ ತಾಯಿಯ ಬಾಯಿಮಾತನ್ನು ನಂಬಲು ವಿಜ್ಞಾನಕ್ಕೆ ಎಷ್ಟು ಕಷ್ಟವಾಯಿತೆಂದು ಅಚ್ಚರಿಯಾಗುತ್ತದೆ.

ಅದೇ ಕಾಲದಲ್ಲಿ ಯುದ್ಧಭೂಮಿಯಿಂದ ಇನ್ನೊಂದು ಪಾಠ ಬಂದಿತ್ತು. ಹೆನ್ರಿ ಬೀಚರ್ ಎಂಬ ಅರಿವಳಿಕೆ ವೈದ್ಯ ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ 215 ಸೈನಿಕರ ವಿಷಯವನ್ನು 1946ರಲ್ಲಿ ಬರೆದ. ಭಾರಿ ಗಾಯಗಳಾಗಿದ್ದರೂ ಬಹುಪಾಲು ಜನ ನೋವಿನ ಮದ್ದು ಬೇಡ ಎಂದಿದ್ದರು. 1956ರಲ್ಲಿ ಅವನು ಊರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾದವರ ಜೊತೆ ಹೋಲಿಸಿದಾಗ, ಮದ್ದು ಕೇಳಿದ ಸೈನಿಕರು ಶೇಕಡಾ 32, ಊರಿನವರು ಶೇಕಡಾ 83. ಸೈನಿಕನಿಗೆ ಗಾಯವೆಂದರೆ ಯುದ್ಧದಿಂದ ಬಿಡುಗಡೆ, ಮನೆಗೆ ಹೋಗುವ ರಹದಾರಿ. ಊರಿನವನಿಗೆ ಅದೇ ಗಾಯ ಸಂಕಟದ ಆರಂಭ. ಗಾಯದ ಉದ್ದಗಲದಿಂದ ಮಾತ್ರ ನೋವು ನಿರ್ಧಾರವಾಗುವುದಿಲ್ಲ, ಗಾಯದ ಅರ್ಥವೂ ಅದರಲ್ಲಿ ಸೇರಿಕೊಳ್ಳುತ್ತದೆ ಎಂದು ಬೀಚರ್ ಹೇಳಿದ. 1965ರಲ್ಲಿ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೆ ಶರೀರಶಾಸ್ತ್ರದ ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ಬಾಗಿಲಿನಂಥ ವ್ಯವಸ್ಥೆಯಿದೆ, ಮಿದುಳಿನಿಂದ ಇಳಿದು ಬರುವ ಸಂದೇಶಗಳು ಆ ಬಾಗಿಲನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲವು ಎಂಬುದು ಅವರ ವಾದ. ಸಿದ್ಧಾಂತದ ವಿವರಗಳು ಆಮೇಲೆ ಬದಲಾದರೂ ಮೂಲಮಾತು ನಿಂತಿತು. ಮನಸ್ಸಿನ ಗಾಬರಿ ದೇಹದ ನೋವನ್ನು ನಿಜವಾಗಿಯೇ ಹೆಚ್ಚಿಸುತ್ತದೆ. ಹಾಗೆ ಹೆಚ್ಚಿದ ನೋವು ನಾಟಕವಲ್ಲ.

ಯಂತ್ರದಿಂದ ಪ್ರಶ್ನೆಗೆ

ಹಾಗಾದರೆ ಆಪರೇಷನ್ನಿನ ಹಿಂದಿನ ದಿನ ಭಯವನ್ನು ತಿಳಿದುಕೊಂಡರೆ ಮಾರನೆಯ ದಿನದ ನೋವನ್ನು ಮೊದಲೇ ಹೇಳಬಹುದೇ? 1958ರಲ್ಲಿ ಇರ್ವಿಂಗ್ ಜಾನಿಸ್ ಎಂಬ ಮನಶ್ಶಾಸ್ತ್ರಜ್ಞ ಶಸ್ತ್ರಕ್ರಿಯೆಗೆ ಬಂದವರನ್ನು ಮಾತಾಡಿಸಿ ಒಂದು ಪುಸ್ತಕ ಬರೆದ. ತೀರ ಹೆದರಿದವರೂ ಸ್ವಲ್ಪವೂ ಹೆದರದವರೂ ಆಮೇಲೆ ಹೆಚ್ಚು ಕಷ್ಟಪಡುತ್ತಾರೆ, ಹದವಾಗಿ ಚಿಂತಿಸಿದವರು ಚೆನ್ನಾಗಿ ನಿಭಾಯಿಸುತ್ತಾರೆ ಎಂದ. ಮುಂದಿನ ಅಧ್ಯಯನಗಳು ಈ ಮಾತನ್ನು ಪೂರ್ತಿ ಒಪ್ಪಲಿಲ್ಲ. ಭಯ ಹೆಚ್ಚಿದಂತೆ ನೋವೂ ಹೆಚ್ಚುತ್ತದೆ ಎಂಬ ಸರಳ ಸಂಬಂಧವೇ ಹೆಚ್ಚಾಗಿ ಕಂಡುಬಂತು.

1964ರಲ್ಲಿ ಬಾಸ್ಟನ್ನಿನಿಂದ ಬಂದ ಅಧ್ಯಯನ ನಮಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಆಪರೇಷನ್ನಿಗೆ ಬಂದ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಬಳಿ ಅರಿವಳಿಕೆ ವೈದ್ಯ ಹಿಂದಿನ ಸಂಜೆಯೇ ಹೋಗಿ ಕುಳಿತು, ನಾಳೆ ಎಲ್ಲಿ ನೋಯುತ್ತದೆ, ಎಷ್ಟು ಹೊತ್ತು ನೋಯುತ್ತದೆ, ಮೈ ಸಡಿಲ ಬಿಡುವುದು ಹೇಗೆ, ಮಗ್ಗುಲು ಹೊರಳುವುದು ಹೇಗೆ, ತಡೆಯದಾದರೆ ಮದ್ದು ಕೇಳಬೇಕು ಎಂದೆಲ್ಲ ಬಿಡಿಸಿ ಹೇಳಿದ. ಆಪರೇಷನ್ ಆದ ಮೇಲೂ ಹೋಗಿ ವಿಚಾರಿಸಿದ. ಇನ್ನೊಂದು ಗುಂಪಿಗೆ ಈ ಮಾತುಕತೆ ಇಲ್ಲ. ಯಾರು ಯಾವ ಗುಂಪಿನವರೆಂದು ಶಸ್ತ್ರವೈದ್ಯರಿಗೆ ತಿಳಿಸಿರಲಿಲ್ಲ. ಮಾತಾಡಿಸಿದ ಗುಂಪಿಗೆ ಬೇಕಾದ ಮಾದಕ ನೋವು ನಿವಾರಕ ಸುಮಾರು ಅರ್ಧದಷ್ಟಾಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಔಷಧಿ ಅಂಗಡಿಯಲ್ಲಿ ಸಿಗದ ಮದ್ದೊಂದು ಅಲ್ಲಿ ಕೆಲಸ ಮಾಡಿತ್ತು. ಕ್ರೈಲ್ ಸುಳ್ಳಿನಿಂದ ಮಾಡಹೊರಟ ಕೆಲಸವನ್ನು ಎಗ್ಬರ್ಟ್ ನಿಜ ಹೇಳಿ ಮಾಡಿದ.

ಭಯಕ್ಕೂ ಅಂಕ ಕೊಡುವ ಕ್ರಮ ಆಮೇಲೆ ಬಂತು. 1970ರಲ್ಲಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ರೂಪಿಸಿದ ಪ್ರಶ್ನಾವಳಿಯಲ್ಲಿ ನಲವತ್ತು ವಾಕ್ಯಗಳಿವೆ. ಇಪ್ಪತ್ತು ಈ ಕ್ಷಣದ ಆತಂಕವನ್ನು ಕುರಿತು, ಇಪ್ಪತ್ತು ಸ್ವಭಾವವನ್ನು ಕುರಿತು. ಒಂದೊಂದು ಭಾಗಕ್ಕೂ 20ರಿಂದ 80ರವರೆಗೆ ಅಂಕ. ನಾಳೆ ಆಪರೇಷನ್ ಇರುವವರು ನಲವತ್ತು ವಾಕ್ಯ ಓದುತ್ತಾ ಕೂರುವುದು ಸಾಧ್ಯವೇ? 1996ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆಲ್ಲಿ ಮೂರ್ಮನ್ ಮತ್ತು ಸಂಗಡಿಗರು ಆರೇ ವಾಕ್ಯಗಳ ಬೇರೊಂದು ಪ್ರಶ್ನಾವಳಿಯನ್ನು ರೂಪಿಸಿದರು. ಇವುಗಳಲ್ಲಿ ನಾಲ್ಕು ಭಯಕ್ಕೆ ಸಂಬಂಧಿಸಿದವು. ಇನ್ನೆರಡು, ನಿಮಗೆ ಇದರ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕೆಂದಿದೆ ಎಂಬುದಕ್ಕೆ. ಕೆಲವರಿಗೆ ಎಲ್ಲವನ್ನೂ ತಿಳಿದರೆ ಸಮಾಧಾನ, ಕೆಲವರಿಗೆ ತಿಳಿಯದಿದ್ದರೇ ಸಮಾಧಾನ. ಎಲ್ಲರಿಗೂ ಒಂದೇ ಉಪದೇಶ ಕೊಡುವವರು ಇದನ್ನು ನೆನಪಿಡಬೇಕು.

ಸಿಸೇರಿಯನ್ನಿನ ವಿಷಯಕ್ಕೆ ಬಂದರೆ, 2003ರಲ್ಲಿ ಹೈಫಾ ನಗರದಲ್ಲಿ ಮಿಖಾಲ್ ಗ್ರಾನೋಟ್ ಮತ್ತು ಸಂಗಡಿಗರು 58 ಬಸುರಿಯರ ಮೈಗೆ ಹಾನಿಯಾಗದಷ್ಟು ಬಿಸಿ ತಾಗಿಸಿ ಅವರು ಕೊಟ್ಟ ಅಂಕವನ್ನು ಬರೆದುಕೊಂಡರು. ಬಿಸಿಗೆ ಹೆಚ್ಚು ಅಂಕ ಕೊಟ್ಟವರಿಗೆ ಆಪರೇಷನ್ನಿನ ನಂತರ ಹೆಚ್ಚು ನೋವು ಕಂಡಿತು. 2006ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಪೀಟರ್ ಪ್ಯಾನ್ ಮತ್ತು ಸಂಗಡಿಗರು 34 ಹೆಂಗಸರಲ್ಲಿ ಬಿಸಿಯ ಪರೀಕ್ಷೆಯ ಜೊತೆಗೆ ಆತಂಕದ ಪ್ರಶ್ನಾವಳಿಯನ್ನೂ, ನೋವಿನ ನಿರೀಕ್ಷೆಯನ್ನೂ ಸೇರಿಸಿ ನೋಡಿದರು. ಒಂದೇ ಅಂಶದಿಂದ ಎಲ್ಲವನ್ನೂ ಹೇಳಲಾಗದು, ಹಲವನ್ನು ಕೂಡಿಸಬೇಕು ಎಂಬುದು ಸ್ಪಷ್ಟವಾಯಿತು. ಆದರೆ ಊರಿನ ಆಸ್ಪತ್ರೆಯಲ್ಲಿ ಬಿಸಿಯ ಯಂತ್ರ ಎಲ್ಲಿಂದ ತರುವುದು? 2013ರಲ್ಲಿ ಅದೇ ತಂಡ ಯಂತ್ರವನ್ನು ಬದಿಗಿಟ್ಟು ಮೂರೇ ಪ್ರಶ್ನೆಗಳಿಗೆ ಬಂದು ನಿಂತಿತು. ನಾಳಿನ ಆಪರೇಷನ್ ಬಗ್ಗೆ ನಿಮಗೆ ಎಷ್ಟು ಆತಂಕವಿದೆ? ಎಷ್ಟು ನೋವಾಗಬಹುದೆಂದು ಅನ್ನಿಸುತ್ತದೆ? ನೋವಿನ ಮದ್ದು ಎಷ್ಟು ಬೇಕಾದೀತು? ಉತ್ತರ ಅಂಕಿಯಲ್ಲಿ. ತೀವ್ರ ನೋವು ಪಡುವವರನ್ನು ಇದರಿಂದ ಒಂದು ಮಟ್ಟಿಗೆ ಮೊದಲೇ ಗುರುತಿಸಬಹುದಾಯಿತು. 2016ರಲ್ಲಿ, ಹೀಗೆ ಗುರುತಿಸಿದವರಿಗೆ ಬೆನ್ನಿನ ಮೂಲಕ ಕೊಡುವ ಮಾರ್ಫಿನ್ನಿನ ಪ್ರಮಾಣ ಹೆಚ್ಚಿಸಿ, ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟಾಗ, ಮಾರನೆಯ ದಿನ ಮೈ ಅಲುಗಿಸಿದಾಗಿನ ನೋವು ಕಡಿಮೆಯಾದದ್ದು ಕಂಡುಬಂತು.

ಇದರ ಮಿತಿಯನ್ನೂ ಹೇಳಬೇಕು. ಈ ಮುನ್ಸೂಚನೆಯ ನಿಖರತೆ ಸಾಧಾರಣ. ಹೆದರಿದ ಎಷ್ಟೋ ಹೆಂಗಸರಿಗೆ ಕಡಿಮೆ ನೋವಾಗುತ್ತದೆ, ಹೆದರದವರಿಗೆ ತೀವ್ರ ನೋವಾಗುತ್ತದೆ. ಗಾಯ, ಹಿಂದಿನ ಆಪರೇಷನ್ನು, ಕೊಟ್ಟ ಮದ್ದು, ಮೈಯ ಸ್ವಭಾವ ಎಲ್ಲವೂ ಅದರಲ್ಲಿ ಪಾಲುದಾರ. ಅಂಕ ಕಡಿಮೆ ಬಂತೆಂದು ಮದ್ದು ಕೊಡದಿರುವುದು, ಅಂಕ ಹೆಚ್ಚು ಬಂತೆಂದು ‘ಇವಳು ಪುಕ್ಕಲಿ’ ಎಂದು ಬರೆದಿಡುವುದು, ಎರಡೂ ಅನ್ಯಾಯವೇ.

ಹಾಗಿದ್ದರೆ ಇಷ್ಟೆಲ್ಲ ಶ್ರಮ ಯಾಕೆ? 2008ರಲ್ಲಿ ಜೇಮ್ಸ್ ಐಸೆನಾಕ್ ಮತ್ತು ಸಂಗಡಿಗರು 1288 ತಾಯಂದಿರನ್ನು ಅಧ್ಯಯನ ಮಾಡಿದರು. ಹೆರಿಗೆಯಾದ ಮೊದಲ 36 ಗಂಟೆಗಳಲ್ಲಿ ತೀವ್ರ ನೋವು ಪಟ್ಟವರಲ್ಲಿ ಎಂಟು ವಾರಗಳ ನಂತರವೂ ನೋವು ಉಳಿಯುವ ಸಂಭವ ಎರಡೂವರೆ ಪಟ್ಟು, ಖಿನ್ನತೆಯ ಸಂಭವ ಮೂರು ಪಟ್ಟು ಹೆಚ್ಚಿತ್ತು. ಹೆರಿಗೆ ಸಹಜವೋ ಸಿಸೇರಿಯನ್ನೋ ಎಂಬುದಕ್ಕಿಂತ ನೋವಿನ ತೀವ್ರತೆಯೇ ಮುಖ್ಯವಾಗಿ ಕಂಡಿತು. ಅಂದರೆ ಮೊದಲ ಒಂದೆರಡು ದಿನದ ನೋವು ಬಾಣಂತನದ ಎಷ್ಟೋ ದಿನಗಳ ಮೇಲೆ ನೆರಳು ಬೀರಬಹುದು. ‘ಹೆರಿಗೆ ಅಂದಮೇಲೆ ನೋವು ಇದ್ದದ್ದೇ’ ಎಂದು ತಳ್ಳಿಹಾಕುವ ಮಾತು ಅದಲ್ಲ.

ನಮ್ಮ ವಾರ್ಡಿನಲ್ಲಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇಕಡಾ 21.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿದ್ದವು. ಕರ್ನಾಟಕದಲ್ಲಿ ಶೇಕಡಾ 31.5. ಹೆಚ್ಚುಕಡಿಮೆ ಮೂರರಲ್ಲಿ ಒಂದು. ಇವುಗಳಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ ಎಂಬ ಚರ್ಚೆ ಬೇರೆ. ನಮ್ಮ ಮಾತು ಇಷ್ಟೇ: ಇಷ್ಟೊಂದು ಮನೆಗಳ ಹೆಣ್ಣುಮಕ್ಕಳು ಆ ಮೇಜಿನ ಮೇಲೆ ಮಲಗುತ್ತಾರೆ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸುವುದರಿಂದ ಹೆಚ್ಚಿನವರು ಎಚ್ಚರವಾಗಿಯೇ ಇರುತ್ತಾರೆ. ಪರದೆಯ ಆಚೆ ನಡೆಯುವುದೆಲ್ಲ ಕಿವಿಗೆ ಬೀಳುತ್ತಿರುತ್ತದೆ. ಮೂರು ಪ್ರಶ್ನೆ ಕೇಳಲು ದುಡ್ಡು ಬೇಕಿಲ್ಲ, ಯಂತ್ರ ಬೇಕಿಲ್ಲ. ಆದರೆ ಭಾಷೆ ಬೇಕು.

‘ಆತಂಕ’ ಎಂಬುದು ಪತ್ರಿಕೆಯ ಮಾತು. ನಮ್ಮ ಕಡೆಯ ಹೆಂಗಸು ‘ಎದೆ ಡವಡವ ಅಂತದೆ’ ಎನ್ನುತ್ತಾಳೆ, ‘ಜೀವ ಝಲ್ ಅಂತು’ ಎನ್ನುತ್ತಾಳೆ. ನಮ್ಮ ಮನೆಗಳಲ್ಲಿ ‘ದಿಲ್ ಘಬರಾತಾ’. ಉರ್ದು ಮನೆಮಾತಿನ, ಹೊರಗೆ ಹೋಗಿ ಬಂದು ಅಭ್ಯಾಸವಿಲ್ಲದ ಹುಡುಗಿಗೆ ಕನ್ನಡದ ವಾರ್ಡಿನಲ್ಲಿ ನೋವನ್ನು ಹೇಳಿಕೊಳ್ಳುವುದೂ ಒಂದು ನೋವೇ. ಜೊತೆಗೆ ಹೆರಿಗೆಯ ಮುಂಚೆ ಭಯದ ಮಾತಾಡಬಾರದು, ಅದು ಅಪಶಕುನ ಎಂಬ ನಂಬಿಕೆ ಬೇರೆ. ಅತ್ತೆಯ ಎದುರು ಹೆದರಿಕೆ ಎಂದರೆ ಮರ್ಯಾದೆಯ ಪ್ರಶ್ನೆ. ನೂರಕ್ಕೆ ಎಷ್ಟು ಎಂದು ಕೇಳಿದರೆ ಶಾಲೆ ಕಾಣದವಳು ಏನು ಹೇಳಿಯಾಳು? ನಮ್ಮ ನಾನಿ ಎಲ್ಲವನ್ನೂ ಆಣೆಯಲ್ಲಿ ಅಳೆಯುತ್ತಿದ್ದರು. ಮಾತು ಪೂರ್ತಿ ನಿಜವಾಗಿದ್ದರೆ ‘ಸೋಲಾ ಆನೆ’, ಅನುಮಾನವಿದ್ದರೆ ‘ಆಠ್ ಆನೆ’. ‘ರೂಪಾಯಿಗೆ ಎಷ್ಟಾಣೆ ಭಯ?’ ಎಂದು ಕೇಳಿದ್ದರೆ ನಾನಿ ತಡವರಿಸದೆ ಉತ್ತರ ಕೊಡುತ್ತಿದ್ದರು. ಕೇಳುವವರು ಅಳತೆಗೋಲನ್ನು ಅವಳ ಭಾಷೆಗೆ ಇಳಿಸಬೇಕು. 2020ರಲ್ಲಿ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಎರಡು ಮಾತು ಸೇರಿಸಿತು. ತನಗೆ ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಅದನ್ನು ಗೌರವಿಸಬೇಕು. ಹೇಳಲಾಗದವರಿಗೆ ನೋವಿಲ್ಲ ಎಂದು ಭಾವಿಸಬಾರದು.

ಗಂಡಸರಾದ ನಮಗೂ ಇದರಲ್ಲಿ ಪಾಲಿದೆ. ಬೆಂಚಿನ ಮೇಲೆ ಕುಳಿತು ಸಹಿ ಹಾಕಿದವರು ನಾವು. ಮಗು ಗಂಡೋ ಹೆಣ್ಣೋ, ತೂಕ ಎಷ್ಟು, ಬಿಲ್ಲು ಎಷ್ಟು ಎಂದು ಕೇಳಿದೆವು. ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಈ ಲೇಖನ ಬರೆಯುವ ಮುನ್ನ ತಂಗಿಯನ್ನು ಕೇಳಿದೆವು, ಅಂದು ಯಾರಾದರೂ ನಿನ್ನ ಭಯದ ಬಗ್ಗೆ ವಿಚಾರಿಸಿದ್ದರಾ ಎಂದು. ಅವಳು ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದಳು: ‘ಮೇರೆಕು ಕೋಯಿ ಪೂಛೇಚ್ ನೈ, ಭಾಯಿ.’ ಯಾರೂ ಕೇಳಲೇ ಇಲ್ಲ.

ಅಂದು ಹುಟ್ಟಿದ ಹುಡುಗಿಗೆ ಕಳೆದ ವರ್ಷ ಸಿಸೇರಿಯನ್ ಆಯಿತು. ಹಿಂದಿನ ರಾತ್ರಿ ವಾರ್ಡಿಗೆ ಬಂದ ದಾದಿ ನಮ್ಮವಳಲ್ಲ, ಆದರೆ ಊರಿನ ದಖನಿ ಬಲ್ಲವಳು. ಮಂಚದ ಅಂಚಿಗೆ ಕುಳಿತು ‘ಡರ್ ಲಗ್ರಾ ಕ್ಯಾ?’ ಎಂದು ಕೇಳಿದಳು. ಹುಡುಗಿ ಅತ್ತುಬಿಟ್ಟಳು. ಆಮೇಲೆ ಹತ್ತು ನಿಮಿಷ ಇಬ್ಬರೂ ಮಾತಾಡಿದರು. ಸೂಜಿ ಎಲ್ಲಿ ಕೊಡುತ್ತಾರೆ, ಕಾಲು ಎಷ್ಟು ಹೊತ್ತು ಜೋಮು ಹಿಡಿದಿರುತ್ತದೆ, ಯಾವಾಗ ಕೂರಬಹುದು, ನೋವಾದರೆ ಯಾರನ್ನು ಕರೆಯಬೇಕು. ಅವಳ ನೋವು ತಾಯಿಯ ನೋವಿಗಿಂತ ಕಡಿಮೆಯಿತ್ತೇ? ನಾವು ಅಳೆದಿಲ್ಲ, ಅಳೆಯುವ ಸಾಧನವೂ ನಮ್ಮಲ್ಲಿಲ್ಲ. ಆ ರಾತ್ರಿ ಅವಳು ನಿದ್ದೆ ಮಾಡಿದಳು ಎಂಬುದನ್ನು ಮಾತ್ರ ಅವಳ ತಾಯಿ ನಮಗೆ ಎರಡು ಸಲ ಹೇಳಿದಳು.